ಸೀಗಡಿ ಬಾಯ್ಬಿಟ್ಟಾಗ ಕ್ಯಾಮೆರಾ ನೋಡಬೇಕಿತ್ತೇ?

ಜಲಕೃಷಿ ದೂರಶಿಕ್ಷಣದ ಪರೀಕ್ಷಾಧಿಕಾರಿಗಳೇ,

ಮಾನ್ಯರೇ, ಸೀಗಡಿ ಸಾಕಣೆಯ ಆನ್‌ಲೈನ್ ತರಬೇತಿಯ ಕೊನೆಯ ಪರೀಕ್ಷೆಯಲ್ಲಿ ನಾನು ನಕಲು ಹೊಡೆದೆನೆಂದು ಅನುತ್ತೀರ್ಣಗೊಳಿಸಿದ್ದೀರಿ. ನಾನು ನಕಲು ಹೊಡೆದಿಲ್ಲ, ಸೀಗಡಿ ಉಳಿಸಲು ಎದ್ದು ಓಡಿದೆ. ಇವೆರಡರ ವ್ಯತ್ಯಾಸವನ್ನು ತಮ್ಮ ಕಚೇರಿಗೆ ತಿಳಿಸಿ ತಿಳಿಸಿ ಸಾಕಾಗಿ, ಈಗ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ತರಬೇತಿಯನ್ನು ಹಳಿಯುತ್ತಿಲ್ಲ. ಕೊಳ ಬಿಟ್ಟು ಕಾಲೇಜಿಗೆ ಹೋಗಲಾರದ ನನ್ನಂಥವಳಿಗೆ ಅದು ವರವೇ. ಮೇವಿನ ಚೀಲಗಳ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ಪಾಠವನ್ನೂ ತಪ್ಪಿಸದೆ ಕೇಳಿದೆ. "ಸೀಗಡಿ ದಡಕ್ಕೆ ಬಂದು ಬಾಯ್ಬಿಟ್ರೆ ಯೋಚನೆ ಮಾಡ್ತಾ ಕೂತ್ಕೋಬೇಡಿ, ಓಡಿ!" ಎಂದು ನಿಮ್ಮ ಮೇಷ್ಟ್ರೇ ಮೇಜು ಕುಟ್ಟಿ ಹೇಳಿದ್ದರು. ಅಂಥ ಮೇಷ್ಟ್ರು ಸಿಕ್ಕಿದ್ದು ನನ್ನ ಪುಣ್ಯ. ಅವರ ಪಾಠವನ್ನು ಪರೀಕ್ಷಾ ವಿಭಾಗದವರು ಮಾತ್ರ ಕೇಳಿದಂತಿಲ್ಲ.

ಪರೀಕ್ಷೆಯ ದಿನ ಬೆಳಗಿನಿಂದ ಮೋಡ. ಲ್ಯಾಪ್‌ಟಾಪ್ ಕ್ಯಾಮೆರಾದ ಮುಂದೆ ಕೂತು, ಸೀಗಡಿಯ ಕಾಲುಗಳ ಹೆಸರು ನೆನಪಿಗೆ ಬಾರದೆ ಒದ್ದಾಡುತ್ತಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ನಾದಿನಿ: "ಅತ್ತಿಗೇ, ಏರೇಟರ್ ಬೆಲ್ಟ್ ಕಿತ್ತುಹೋಯ್ತು! ಸೀಗಡಿ ಎಲ್ಲಾ ದಡಕ್ಕೆ ಬಂದ್ಬಿಟ್ಟಿವೆ, ಬೇಗ ಬನ್ನಿ!" ನೀರಿಗೆ ಗಾಳಿ ತುಂಬುವ ಯಂತ್ರವೇ ನಿಂತರೆ ಇಡೀ ಕೊಳ ಸ್ಮಶಾನವಾಗುತ್ತದೆ. ಓಡಿದೆ. ಸೊಂಟದವರೆಗೆ ನೀರಿಗಿಳಿದು ಬೇರೆ ಬೆಲ್ಟ್ ಹಾಕಿ, ಚಕ್ರ ತಿರುಗಿದ ಮೇಲೆಯೇ ಉಸಿರು ಬಿಟ್ಟೆ. ಮರಳಿ ಬಂದರೆ ಪರದೆಯ ಮೇಲೆ ಕೆಂಪಕ್ಷರ: ಮುಖ ಕಾಣುತ್ತಿಲ್ಲ, ಇನ್ನೊಬ್ಬರ ಧ್ವನಿ ಕೇಳಿಸಿದೆ, ಪರೀಕ್ಷೆ ರದ್ದು. ಆ ಧ್ವನಿ ನನಗೆ ಉತ್ತರ ಹೇಳಿಕೊಡುತ್ತಿತ್ತೇ ಸ್ವಾಮಿ? ಕಾಲುಗಳ ಹೆಸರು ಅವಳಿಗೆ ಗೊತ್ತಿದ್ದರೆ ಅವಳನ್ನೇ ಪರೀಕ್ಷೆಗೆ ಕೂರಿಸುತ್ತಿರಲಿಲ್ಲವೇ?

ಸಹಾಯವಾಣಿಗೆ ಫೋನ್ ಮಾಡಿದೆ.

"ಯಾಕೆ ಎದ್ದು ಹೋದ್ರಿ ಮೇಡಂ? ಕಾಯಿಲೆನಾ, ಕರೆಂಟ್ ಹೋಯ್ತಾ?"

"ಸೀಗಡಿ ಸಾಯ್ತಿದ್ವು ಕಣಪ್ಪಾ."

"ಅದಕ್ಕೆ ಇಲ್ಲಿ ಆಪ್ಷನ್ ಇಲ್ಲ ಮೇಡಂ. ಕಾಯಿಲೆ ಅಂತ ಹಾಕ್ಲಾ?"

ನನಗೆ ಕಾಯಿಲೆಯಿಲ್ಲ, ಸುಳ್ಳು ಹಾಕಬೇಡ ಎಂದೆ. ಅದೇ ತಪ್ಪಾಯಿತೋ ಏನೋ!

ತಿಂಗಳ ಕೊನೆಗೆ ಕೊಳದ ಗುತ್ತಿಗೆ ಮುಗಿಯುತ್ತದೆ. ನಿಮ್ಮ ತರಬೇತಿಯ ಪ್ರಮಾಣಪತ್ರವಿಲ್ಲದೆ ಅದು ನವೀಕರಣವಾಗದು. ನಿಮ್ಮ ಮುಂದಿನ ಪರೀಕ್ಷೆ ಬರುವ ವರ್ಷ. ಅಂದರೆ ಪರೀಕ್ಷೆ ಬಿಟ್ಟು ಉಳಿಸಿದ ಸೀಗಡಿಯನ್ನು ಮುಂದೆ ಹಿಡಿಯುವವರು ಬೇರೆಯವರು. "ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅನ್ನೋ ಕಥೆ ಆಯ್ತಲ್ಲೇ" ಎಂದು ಅತ್ತೆ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಕೂತಲ್ಲಿ ಕೂರಲಾಗುತ್ತಿಲ್ಲ, ಊಟ ಸೇರುತ್ತಿಲ್ಲ. ಎದ್ದೆದ್ದು ದಡ ಸುತ್ತಿ ಬರುತ್ತೇನೆ.

ದಯೆ ಬೇಡ. ಗುತ್ತಿಗೆ ಮುಗಿಯುವ ಮುನ್ನ ಮರುಪರೀಕ್ಷೆ ಕೊಡಿ. ಕಾಲುಗಳ ಹೆಸರನ್ನು ಈಗ ಬಾಯಿಪಾಠ ಮಾಡಿದ್ದೇನೆ. ಒಂದು ಮಾತನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ: ಮರುಪರೀಕ್ಷೆಯ ದಿನವೂ ಬೆಲ್ಟ್ ಕಿತ್ತುಹೋದರೆ, ನಾನು ಮತ್ತೆ ಎದ್ದು ಓಡುತ್ತೇನೆ.

ಇಂತಿ,
ನಿಮ್ಮ ಪಾಠವನ್ನು ನಂಬಿ ಫೇಲಾದ ವಿದ್ಯಾರ್ಥಿನಿ