ಮೊದಲು ಸಾರಿ ಅಂದವಳು

ಹಾಸ್ಟೆಲ್, ಎರಡನೇ ಮಹಡಿ
ಭಾನುವಾರ, ಊಟ ಆದ ಮೇಲೆ

ಪ್ರೀತಿಯ ಅಮ್ಮಾ,

ಈ ಪತ್ರವನ್ನು ನೀನು ಕಾರಿನಲ್ಲಿ ಕೂತು ಓದುತ್ತಿದ್ದರೆ ಮೊದಲು ಗಾಡಿಯನ್ನು ಪಕ್ಕಕ್ಕೆ ಹಾಕಿಸು. ಸ್ಟೀರಿಂಗ್ ಹಿಡಿದು ಕಲಿಯುತ್ತಿರುವವರು ಯಾರೇ ಆಗಲಿ, ಹೋಗಿ ಟೀ ಕುಡಿದು ಬರಲು ಹೇಳು. ಹ್ಯಾಂಡ್‌ಬ್ರೇಕ್ ಹಾಕಿದೆಯಾ? ಸರಿ. ನಾನು ಚೆನ್ನಾಗಿದ್ದೇನೆ. ಇದನ್ನು ಮೊದಲೇ ಬರೆಯುತ್ತಿದ್ದೇನೆ, ಏಕೆಂದರೆ ಮುಂದಿನದನ್ನು ಓದುವಾಗ ನೀನು ಇದನ್ನು ಮರೆತುಬಿಡುತ್ತೀಯ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ನಿನ್ನ ಕಾಲ ಕೆಳಗೆ ಇನ್ನೊಂದು ಬ್ರೇಕ್ ಇದೆಯಲ್ಲ, ಫೋನಿನಲ್ಲೂ ಅದು ನಿನ್ನ ಹತ್ತಿರ ಇರುತ್ತದೆ. ನಾನು ಎರಡು ವಾಕ್ಯ ಮುಂದೆ ಹೋಗುವಷ್ಟರಲ್ಲಿ "ತಾಳು ತಾಳು, ಏನಂದೆ?" ಎಂದು ಒತ್ತಿಬಿಡುತ್ತೀಯ. ಪತ್ರದಲ್ಲಾದರೆ ಒಂದೇ ಸಮನೆ ಓಡಿಸಬಹುದು. ಕನ್ನಡದಲ್ಲೇ ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿದರೆ ನಗಬೇಡ. ಐದನೇ ಕ್ಲಾಸಿಗೇ ಇಂಗ್ಲಿಷ್ ಸ್ಕೂಲಿನ ಹಾಸ್ಟೆಲ್ಲಿಗೆ ಹಾಕಿದವಳು ನೀನೇ.

ವಿಷಯ ಇಷ್ಟು. ನನ್ನ ಬಲಗೈ ಮಣಿಕಟ್ಟು ಮುರಿದದ್ದು, ಆಗ ನಿನಗೆ ಹೇಳಿದ ಹಾಗೆ, ಮೆಟ್ಟಿಲಲ್ಲಿ ಜಾರಿ ಅಲ್ಲ. ಮೆಟ್ಟಿಲು ಪಾಪ, ಏನೂ ಮಾಡಿಲ್ಲ. ನನಗೆ ವ್ಯಾನು ಹೊಡೆಯಿತು.

ಉಸಿರು ತೆಗೆದುಕೋ. ನಾನು ಚೆನ್ನಾಗಿದ್ದೇನೆ.

ಹಾಸ್ಟೆಲಿನ ಹಿಂದಿನ ಓಣಿಗೆ ಬುಧವಾರ ಬುಧವಾರ ಲಾಂಡ್ರಿ ಕಂಪನಿಯ ವ್ಯಾನು ಬಂದು ನಮ್ಮ ಬೆಡ್‌ಶೀಟುಗಳನ್ನು ಒಯ್ಯುತ್ತದೆ. ಆ ದಿನ ನಾನು ಗೋಡೆಯ ಪಕ್ಕದಲ್ಲೇ ಲ್ಯಾಬಿಗೆ ಹೊರಟಿದ್ದೆ. ಕೈಯಲ್ಲಿ ಮೇಣದ ಹಲ್ಲುಗಳ ಡಬ್ಬಿ. ಹಲ್ಲಿನ ಡಾಕ್ಟರಾಗುವವರು ಮೊದಲ ವರ್ಷ ಮೇಣದಲ್ಲಿ ಹಲ್ಲು ಕೆತ್ತಿ ಕೈ ಪಳಗಿಸಬೇಕು ಎಂದು ಹೇಳಿದ್ದೆನಲ್ಲ, ಅದೇ. ಊರು ಬಿಡುವ ಮೊದಲು ನೀನು ಮೇನ್ ರೋಡಿನಲ್ಲಿ ನನ್ನನ್ನು ಆಚೆಗೂ ಈಚೆಗೂ ದಾಟಿಸಿ ಪರೀಕ್ಷೆ ಮಾಡಿದ್ದು ನೆನಪಿದೆ. ಬಲಕ್ಕೂ ನೋಡಿದ್ದೆ, ಎಡಕ್ಕೂ ನೋಡಿದ್ದೆ, ನಿನ್ನಾಣೆ. ಆದರೆ ವ್ಯಾನು ಬೆನ್ನ ಹಿಂದಿನಿಂದ ರಿವರ್ಸಿನಲ್ಲಿ ಬಂತು, ಒಂದು ಸದ್ದೂ ಮಾಡದೆ. ಅದಕ್ಕೆ ನಿನ್ನ ಸಿಲಬಸ್ಸಿನಲ್ಲಿ ಪಾಠ ಇರಲಿಲ್ಲ.

ಬಿದ್ದೆ. ಕೈ ಮೈಯ ಕೆಳಗೆ ಸಿಕ್ಕಿಕೊಂಡಿತು. ಮೇಣದ ಹಲ್ಲುಗಳು ಓಣಿಯ ತುಂಬ ಉರುಳಿದವು. ಡ್ರೈವರ್ ಇಳಿದು ಓಡಿಬಂದು, ಅಷ್ಟು ಹಲ್ಲು ನೋಡಿ, ನನ್ನ ಬಾಯಿ ನೋಡಿ, ಬೆಳ್ಳಗಾಗಿ ನಿಂತರು. ಆಗ ನಾನು ಏನು ಮಾಡಿದೆ ಗೊತ್ತಾ? "ಸಾರಿ ಅಂಕಲ್, ಸಾರಿ, ಸಾರಿ" ಅಂದೆ. ಅಷ್ಟೇ ಅಲ್ಲ, ಅವರ ವ್ಯಾನಿನ ಹಿಂದಿನ ಲೈಟಿನ ಕೆಂಪು ಚೂರು ಬಿದ್ದಿತ್ತು, ಅದನ್ನು ಎಡಗೈಯಿಂದ ಎತ್ತಿ ಅವರಿಗೇ ಕೊಟ್ಟೆ. ಪಾಪದ ಮನುಷ್ಯ ನನ್ನನ್ನು ಬೆಡ್‌ಶೀಟುಗಳ ಗಂಟಿನ ಮೇಲೆ ಕೂರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಪ್ರತಿ ಹಳ್ಳಕ್ಕೂ "ನೋವಾಯ್ತೇನಮ್ಮಾ?" ಅಂತ ಕೇಳುತ್ತಲೇ ಇದ್ದರು. ನಾನು ಪ್ರತಿ ಹಳ್ಳಕ್ಕೂ ಸಾರಿ ಅನ್ನುತ್ತಲೇ ಇದ್ದೆ.

ನಿನಗೆ ಯಾಕೆ ಹೇಳಲಿಲ್ಲ ಅಂದರೆ, ಊರಿಗೆಲ್ಲ ರಸ್ತೆ ನಿಯಮ ಕಲಿಸುವವಳ ಮಗಳು ಹೋಗಿ ವ್ಯಾನಿನ ಕೆಳಗೆ ಬಿದ್ದಳು ಎಂದು ಹೇಗೆ ಹೇಳಲಿ? ನೀನು ರಾತ್ರೋರಾತ್ರಿ ಆ ಎರಡು ಬ್ರೇಕಿನ ಕಾರಿನಲ್ಲೇ ಬಂದು, ನನ್ನ ಟ್ರಂಕು ಸಮೇತ ಎತ್ತಿಹಾಕಿಕೊಂಡು ಹೋಗುತ್ತಿದ್ದೆ. ಮನೆ ಹತ್ತಿರದ ಕಾಲೇಜಿನ ಅರ್ಜಿ ಇನ್ನೂ ಫ್ರಿಜ್ಜಿನ ಮೇಲೇ ಇದೆ ಅಂತ ನನಗೆ ಗೊತ್ತು.

ನಾಲ್ಕನೇ ದಿನವೋ ಐದನೇ ದಿನವೋ, ಕಂಪನಿಯ ಕಡೆಯಿಂದ ಒಬ್ಬರು ಹಾಸ್ಟೆಲಿಗೆ ಬಂದರು. ಒಂದು ಚೀಲ ಸೇಬು ತಂದಿದ್ದರು, ಹಾಗಾಗಿ ನಾವು ಇಟ್ಟ ಹೆಸರು ಸೇಬಿನ ಅಂಕಲ್. ತುಂಬಾ ಪ್ರೀತಿಯಿಂದ ಮಾತಾಡಿದರು. "ಓದೋ ಹುಡುಗೀಗೆ ಕೋರ್ಟು ಕಚೇರಿ ಯಾಕಮ್ಮಾ? ಇಲ್ಲೊಂದು ಸೈನ್ ಹಾಕು, ಆಸ್ಪತ್ರೆ ಬಿಲ್ ನಾವು ನೋಡ್ಕೋತೀವಿ" ಅಂದರು. ಬಲಗೈಗೆ ಪ್ಲಾಸ್ಟರ್ ಇದೆ ಅಂದೆ. ಎಡಗೈಯಲ್ಲಿ ಗೀಚಿದರೂ ಸಾಕಂತೆ. ಅಮ್ಮ, ನಾನು ಪೆನ್ನು ಹಿಡಿದೂ ಬಿಟ್ಟಿದ್ದೆ. ಆಮೇಲೆ ಎಡಗೈ ಸೈನ್ ಕೋಳಿ ಕೆದರಿದ ಹಾಗೆ ಬರುತ್ತೆ ಅಂತ ನಾಚಿಕೆಯಾಯಿತು. "ಸಾರಿ ಅಂಕಲ್, ಪ್ಲಾಸ್ಟರ್ ಬಿಚ್ಚಿದ ಮೇಲೆ ನೀಟಾಗಿ ಹಾಕಿಕೊಡ್ತೀನಿ" ಅಂದೆ. ನನ್ನನ್ನು ಉಳಿಸಿದ್ದು ಬುದ್ಧಿ ಅಲ್ಲ, ಅಕ್ಷರದ ಜಂಬ.

ಅವರು ಬಿಟ್ಟುಹೋದ ಕಾಗದವನ್ನು ನನ್ನ ರೂಮ್‌ಮೇಟ್ ಜೋರಾಗಿ ಓದಿದಳು. ಅವಳು ಏನೇ ಮಾಡಿದರೂ ಜೋರಾಗಿಯೇ, ಅದಕ್ಕೇ ಅವಳಿಗೆ ನಾವಿಟ್ಟ ಹೆಸರು ಮೈಕ್. ನನ್ನ ಅಜಾಗರೂಕತೆಯಿಂದಲೇ ಪೆಟ್ಟಾಯಿತು, ಈ ಬಿಲ್ಲಿನ ಹೊರತು ಇನ್ನು ಮುಂದೆ ಏನನ್ನೂ ಕೇಳುವುದಿಲ್ಲ ಎಂದು ಅದರಲ್ಲಿತ್ತು. ಅದೇ ವಾರ ಡಾಕ್ಟರ್ ಬೇರೆಯೇ ಹೇಳಿದ್ದರು. ಮೂಳೆ ಸರಿಯಾಗಿ ಕೂಡದಿದ್ದರೆ ಆಪರೇಷನ್, ಕೂಡಿದರೂ ತಿಂಗಳುಗಟ್ಟಲೆ ಕೈಯ ವ್ಯಾಯಾಮ. ಅದೆಲ್ಲ ಆಗದಿದ್ದರೆ ಕೆತ್ತುವ ಚಾಕು ಹಿಡಿಯುವ ಬಿಗಿ ವಾಪಸ್ ಬರುತ್ತದೆಂದು ಹೇಳಲಾಗದು. ಚಾಕು ಹಿಡಿಯದ ಕೈಗೆ ಹಲ್ಲಿನ ಡಾಕ್ಟರ್ ಓದು ಯಾಕೆ? ಆ ಖರ್ಚೆಲ್ಲ ನಿನ್ನ ತಲೆಗೆ ಬರುತ್ತಿತ್ತು. ಇಲ್ಲವೇ ನಾನು ಓದು ಬಿಟ್ಟು ನಿನ್ನ ಪಕ್ಕ ಬಂದು ಕೂರುತ್ತಿದ್ದೆ.

ಮೈಕ್‌ನ ಚಿಕ್ಕಮ್ಮನಿಗೆ ಹಿಂದೊಮ್ಮೆ ಬಸ್ಸಿನಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತಂತೆ. ಆಗ ಕೇಸು ನೋಡಿದ ಲಾಯರ್ ಮೇಡಂ ಇದೇ ಊರಿನಲ್ಲಿದ್ದರು, ಕನ್ನಡಕದ ಅಂಗಡಿಯ ಮೇಲಿನ ರೂಮಿನಲ್ಲಿ. ಹೋಗುವ ಹಿಂದಿನ ದಿನ, ಅಲ್ಲಿ ಹೋದರೆ ಬಾಯಿ ಕಟ್ಟಿಹೋಗುತ್ತೆ, ಕೇಳಬೇಕಾದ್ದನ್ನೆಲ್ಲ ಮರೀತೀನಿ ಅಂತ ಅತ್ತೆ. ಮೈಕ್ ಮಾರ್ಕರ್ ಪೆನ್ನು ತೆಗೆದು, ನಾನು ಹೇಳಿದ ಹಾಗೆಲ್ಲ ಪ್ರಶ್ನೆಗಳನ್ನು ನನ್ನ ಪ್ಲಾಸ್ಟರಿನ ಮೇಲೇ ಬರೆದಳು. "ಇದನ್ನ ಹೇಗೆ ಮರೆತು ಹೋಗ್ತೀಯೋ ನೋಡೇಬಿಡ್ತೀನಿ" ಅಂದಳು.

ಮೇಡಂಗೆ ಮಂಡಿ ನೋವು, ಕೂತಲ್ಲಿಂದಲೇ ಬನ್ನಿ ಅಂದರು. ನಾನು ಕೂರಲು ಹೋದಾಗ "ಅದು ಬೇಡಮ್ಮಾ, ಆ ಕುರ್ಚಿ ಕಾಲು ಅಲ್ಲಾಡುತ್ತೆ. ನೀನು ಬಿದ್ರೆ ನಾನು ನನ್ಮೇಲೇ ಕೇಸ್ ಹಾಕ್ಬೇಕಾಗುತ್ತೆ" ಅಂದರು. ನಾನು ಕುರ್ಚಿಗೆ ಸಾರಿ ಅಂದು ಇನ್ನೊಂದರಲ್ಲಿ ಕೂತೆ. ಆಮೇಲೆ ಅವರು ಕನ್ನಡಕ ಏರಿಸಿ, ಸಂತೆಯಲ್ಲಿ ಸೌತೆಕಾಯಿ ಆರಿಸುವವರ ಹಾಗೆ ನನ್ನ ತೋಳನ್ನು ತಿರುಗಿಸಿ ತಿರುಗಿಸಿ ಓದಿದರು.

ಕೇಸು ಹಾಕಲು ಲೇಟಾಯಿತಾ ಎಂಬ ಪ್ರಶ್ನೆಗೆ ನಕ್ಕರು. ಕಾಲ ಮೀರಿಲ್ಲ, ಆದರೆ ಕೂತಿರಬೇಡ, ಕಂಡವರು ಮರೆಯುತ್ತಾರೆ, ಚೀಟಿಗಳು ಕಳೆಯುತ್ತವೆ ಅಂದರು. ಫೀಸಿನದು ಕೇಳಲು ನನಗೆ ತುಂಬಾ ನಾಚಿಕೆಯಿತ್ತು, ಪ್ಲಾಸ್ಟರ್ ಕೇಳಿತು. ಇವತ್ತಿನ ಮಾತಿಗೆ ಏನೂ ಇಲ್ಲ, ಕೇಸು ಹಿಡಿದರೆ ಎಷ್ಟು, ಯಾವಾಗ, ಸೋತರೆ ಹೇಗೆ ಅನ್ನುವುದನ್ನೆಲ್ಲ ಮೊದಲೇ ಬರೆದುಕೊಡುತ್ತೇನೆ, ಮನೆಗೆ ಹೋಗಿ ಓದಿ ಆಮೇಲೆ ಬಾ ಅಂದರು. "ಫೀಸು ಕೇಳಿದ್ರೆ ಮುಖ ಸಿಂಡರಿಸೋ ಲಾಯರ್ ಹತ್ರ ಕೂರಲೇಬೇಡ, ಮೆಟ್ಟಿಲಿಳಿದು ಬಂದ್ಬಿಡು. ಗೆಲ್ಲಿಸೇ ಕೊಡ್ತೀನಿ ಅನ್ನೋರನ್ನ ಕಂಡ್ರೆ ಎರಡೆರಡು ಮೆಟ್ಟಿಲು ಹಾರು." ಕೋರ್ಟಿಗೆ ಹೋಗಲೇಬೇಕೆಂದಿಲ್ಲವಂತೆ, ಎಷ್ಟೋ ಕೇಸು ಮೇಜಿನ ಸುತ್ತಲೇ ಮುಗಿಯುತ್ತವಂತೆ. ಮಾತು ಮಾತ್ರ ಕೊಡಲಾರೆ ಅಂದರು.

ಡ್ರೈವರ್ ಅಂಕಲ್ ಕೆಲಸ ಹೋಗುತ್ತಾ ಎಂಬ ಸಾಲು ಬಂದಾಗ ಕನ್ನಡಕ ತೆಗೆದು ನನ್ನ ಮುಖ ನೋಡಿದರು. ದುಡ್ಡು ಅವರ ಜೇಬಿನಿಂದ ಬರುವುದಿಲ್ಲ, ವ್ಯಾನಿನ ಇನ್ಶೂರೆನ್ಸಿನವರು ಕೊಡುತ್ತಾರೆ, ಅದಕ್ಕೆಂದೇ ವರ್ಷ ವರ್ಷ ಕಟ್ಟಿಸಿಕೊಳ್ಳುವುದು ಅಂದರು.

ಆಮೇಲೆ ಬಿದ್ದಾಗ ಏನಂದೆ ಅಂತ ಕೇಳಿದರು. ಸಾರಿ ಅಂದೆ ಅಂದೆ. "ಎಷ್ಟು ಸಾರಿ?" ಅಂದರು. ನನಗೆ ಗಾಬರಿ. "ಎಷ್ಟು ಸಾರಿ ಸಾರಿ ಅಂದೆ ಅಂತ ಗೊತ್ತಿಲ್ಲ ಮೇಡಂ, ತುಂಬಾ ಸಾರಿ. ಸಾರಿ ಮೇಡಂ" ಅಂದೆ. ಮೈಕ್ ಗೋಡೆಗೆ ತಿರುಗಿ ನಕ್ಕಳು. ಮೇಡಂ ನಗಲಿಲ್ಲ. ಕಂಪನಿಯವರು ಇದನ್ನೇ ಹಿಡಿಯುತ್ತಾರೆ ಅಂದರು. ನಾನು ಎಲ್ಲ ಹೇಳಿದೆ ಅಮ್ಮ. ನಮ್ಮ ಸ್ಕೂಲಿನಲ್ಲಿ ಕನ್ನಡ ಮಾತಾಡಿದರೂ ಸಾರಿ ಮಿಸ್, ಇಂಗ್ಲಿಷ್ ತಪ್ಪಿದರೂ ಸಾರಿ ಮಿಸ್, ಬೇರೆಯವರು ತಳ್ಳಿದರೂ ಲೈನು ಕೆಡಿಸಿದ್ದಕ್ಕೆ ಸಾರಿ ಮಿಸ್. ಅದು ನನಗೆ ಪದ ಅಲ್ಲ, ಸೀನು ಬಂದ ಹಾಗೆ. ಮೇಡಂ ಹೋಮ್‌ವರ್ಕ್ ಕೊಟ್ಟರು: ಕೇಸು ಮುಗಿಯುವ ತನಕ, ನಿಜವಾಗಿ ನಿನ್ನ ತಪ್ಪಿದ್ದರೆ ಮಾತ್ರ ಸಾರಿ.

ತೋಳಿನ ಅಡಿಯಲ್ಲಿ ಸಣ್ಣಕ್ಷರದಲ್ಲಿ ಕೊನೆಯ ಪ್ರಶ್ನೆ ಇತ್ತು: ಅಮ್ಮನಿಗೆ ಹೇಳಬೇಕಾ? ಮೇಡಂ ಅದನ್ನೂ ಓದಿದರು. "ನಿನಗೆ ಹದಿನೆಂಟು ತುಂಬಿದೆ, ನಿನ್ನ ಸೈನ್ ಸಾಕು. ಉಳಿದಿದ್ದು ಕಾನೂನಿನ ಪ್ರಶ್ನೆ ಅಲ್ಲಮ್ಮಾ" ಅಂದು ತೋಳನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟರು.

ಫೀಸಿನ ಕಾಗದ ಓದಿ ಕೇಸು ಅವರಿಗೇ ಕೊಟ್ಟೆ. ಮೇಡಂ ಕಂಪನಿಯವರನ್ನು ಕರೆಸಿದ ಮೀಟಿಂಗ್ ಅವರ ರೂಮಿನಲ್ಲೇ ಆಯಿತು. ಇನ್ಶೂರೆನ್ಸ್ ಆಫೀಸಿನಿಂದ ಒಬ್ಬ ಹಿರಿಯ ಹೆಂಗಸು, ಸೇಬಿನ ಅಂಕಲ್, ಬಾಗಿಲ ಹತ್ತಿರ ಡ್ರೈವರ್ ಅಂಕಲ್. ನಾನು ನಾಲಿಗೆ ಕಚ್ಚಿಕೊಂಡೇ ಕೂತಿದ್ದೆ. ಮೇಡಂ ಹೇಳಿದ್ದು ಸರಿಯಾಗಿತ್ತು. ಸೇಬಿನ ಅಂಕಲ್ ಶುರು ಮಾಡಿದ್ದೇ ಅದರಿಂದ. "ನಾವ್ಯಾಕೆ ಕೊಡ್ಬೇಕು? ಓಣಿ ಜನರೆಲ್ಲ ಕೇಳಿದಾರೆ, ಹುಡುಗೀನೇ ಸಾರಿ ಸಾರಿ ಅಂತ ತಪ್ಪೊಪ್ಕೊಂಡಿದಾಳೆ!" ಅಂತ ಜೋರು ಮಾಡಿ, ಜೋರಿನಲ್ಲೇ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಅದು ಆ ಅಲ್ಲಾಡುವ ಕುರ್ಚಿ. ಅದರ ಕಾಲು ಬಂದು ಸರಿಯಾಗಿ ನನ್ನ ಪಾದದ ಮೇಲೆ ಕೂತಿತು.

ನನ್ನ ಬಾಯಿಂದ "ಸಾರಿ ಅಂಕಲ್" ಅಂತ ಬಂದೇಬಿಟ್ಟಿತು.

ಮುಗಿಯಿತು, ನಾನೇ ಕೆಡಿಸಿದೆ ಅಂದುಕೊಂಡೆ. ಮೇಡಂ ಬಹಳ ನಿಧಾನವಾಗಿ, "ಈಗ ಯಾರ ತಪ್ಪು ಸಾರ್?" ಅಂದರು. ಇನ್ಶೂರೆನ್ಸಿನ ಅಮ್ಮ ಮೊದಲು ನಕ್ಕರು, ತಡೆಯಲಾಗದೆ ಕರವಸ್ತ್ರ ತೆಗೆದರು. ಸೇಬಿನ ಅಂಕಲ್ ಕುರ್ಚಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದುಕೊಂಡೇ ನಿಂತಿದ್ದರು, ಎಲ್ಲಿ ಇಡಬೇಕೆಂದು ತಿಳಿಯದೆ.

ಆಗ ಬಾಗಿಲ ಹತ್ತಿರದಿಂದ ಡ್ರೈವರ್ ಅಂಕಲ್ ಮಾತಾಡಿದರು. "ಸಾರಿ ಅನ್ನೋಕೆ ನಾನೂ ಬಾಯಿ ತೆಗೆದಿದ್ದೆ ಸಾರ್. ಈ ಮಗು ಮೊದಲೇ ಅಂದ್ಬಿಡ್ತು. ರಿವರ್ಸ್ ಹಾಕಿದ್ರೆ ಕೂಗೋ ಬೀಪು ಕೆಟ್ಟು ಬಹಳ ದಿನ ಆಗಿತ್ತು. ಮಾಡಿಸ್ಕೊಡಿ ಅಂತ ನಿಮಗೇ ಹೇಳಿದ್ದೆ" ಅಂದರು. ಸೇಬಿನ ಅಂಕಲ್ ಕುರ್ಚಿ ಕೆಳಗಿಟ್ಟರು.

ಕೋರ್ಟು ಇಲ್ಲ. ಆಸ್ಪತ್ರೆ ಖರ್ಚು, ವ್ಯಾಯಾಮದ ಖರ್ಚು, ಮುಂದೆ ಬೇಕಾದರೆ ಆಪರೇಷನ್ನಿನದು, ನಾನು ಕಳೆದುಕೊಂಡ ಟರ್ಮಿನ ಫೀಸು, ಎಲ್ಲ ಅವರದೇ. ಮೇಡಂ ಒಪ್ಪಂದದ ಒಂದೊಂದು ಸಾಲನ್ನೂ ನನ್ನ ಕೈಯಲ್ಲೇ ಓದಿಸಿದರು. ಪ್ಲಾಸ್ಟರ್ ಬಿಚ್ಚಿದ ಮೇಲೆ ಹೋಗಿ ನೀಟಾಗಿ ಸೈನ್ ಹಾಕಿಬಂದೆ, ಬಲಗೈಯಲ್ಲೇ. ಮೂಳೆ ಕೂಡಿದೆ. ಮೊನ್ನೆ ಒಂದು ದವಡೆ ಹಲ್ಲು ಕೆತ್ತಿದೆ, ಸರ್ ಅದನ್ನು ಆಲೂಗಡ್ಡೆ ಅಂದರು, ಆದರೂ ಚಾಕು ಕೈಯಿಂದ ಬೀಳಲಿಲ್ಲ. ಡ್ರೈವರ್ ಅಂಕಲ್ ಕೆಲಸದಲ್ಲೇ ಇದ್ದಾರೆ. ಈ ಬುಧವಾರ ಅವರ ವ್ಯಾನು ಎಷ್ಟು ಜೋರಾಗಿ ಬೀಪ್ ಹೊಡೆಯುತ್ತಾ ಹಿಂದಕ್ಕೆ ಬಂತೆಂದರೆ, ಮಧ್ಯಾಹ್ನ ಮಲಗಿದ್ದ ಮೈಕ್ ಎದ್ದು ಕೂತು "ಯಾರೇ ಅದು ನನಗಿಂತ ಜೋರು?" ಅಂದಳು. ನಾನು ಕಿಟಕಿಯಿಂದ ಕೈ ಬೀಸಿದೆ, ಪೆಟ್ಟಾಗಿದ್ದ ಕೈಯನ್ನೇ. ಅವರು ಎರಡು ಸಲ ಹಾರನ್ ಹೊಡೆದರು.

ಎಷ್ಟೋ ವಾರಗಳ ಮೇಲೆ ನಿನ್ನೆ ಮಧ್ಯೆ ಎಚ್ಚರವಾಗದೆ ನಿದ್ದೆ ಮಾಡಿದೆ, ಅಮ್ಮಾ. ಈಗ ಕಾರು ಸ್ಟಾರ್ಟ್ ಮಾಡು, ಟೀ ಕುಡಿಯಲು ಹೋದವರು ಕಾಯುತ್ತಿರುತ್ತಾರೆ. ಬೈಯುವುದಾದರೆ ಸಂಜೆ ಫೋನ್ ಮಾಡಿ ಬೈ. ಫ್ರಿಜ್ಜಿನ ಮೇಲಿನ ಅರ್ಜಿಯನ್ನು ಮಾತ್ರ ತೆಗೆದುಬಿಡು.

ಅಳುವ ಮೊದಲು ಕಣ್ಣು ಪಿಳಿಪಿಳಿ ಮಾಡುತ್ತಿದ್ದೆನೆಂದು ನೀನೇ ಹೆಸರಿಟ್ಟ,
ನಿನ್ನ ಇಂಡಿಕೇಟರ್

ತಾ.ಕ.: ಸೋಮವಾರ. ಪತ್ರ ಅಂಟಿಸುವ ಮೊದಲು ಒಪ್ಪಂದದ ಕಾಗದದ ಪ್ರತಿ ತರಲು ಮೇಡಂ ಹತ್ತಿರ ಹೋಗಿದ್ದೆ. ಅವರಿಗೆ ಒಂದು ತಮಾಷೆ ನೆನಪಾಯಿತಂತೆ. ನಾನು ಅವರನ್ನು ಮೊದಲು ನೋಡಿದ ವಾರವೇ ಯಾರೋ ಒಬ್ಬ ಹೆಂಗಸು ಫೋನ್ ಮಾಡಿ, ದೂರದ ನೆಂಟರ ಹುಡುಗಿಗೆ ಹೀಗಾಗಿದೆ ಎಂದು, ಲೇಟಾಯಿತಾ, ಫೀಸು ಹೇಗೆ, ಕೋರ್ಟಿಗೆ ಹೋಗಬೇಕಾ ಅಂತ ನನ್ನ ಪ್ಲಾಸ್ಟರನ್ನೇ ಓದಿದ ಹಾಗೆ ಕೇಳಿದರಂತೆ. ಮಧ್ಯೆ ಮಧ್ಯೆ "ಕ್ಲಚ್ಚು! ಕ್ಲಚ್ ಒತ್ತು ಅಂದ್ನಲ್ಲ!" ಅಂತ ಕಿರುಚುತ್ತಿದ್ದರಂತೆ. ಮೇಡಂ ನನ್ನ ವಿಷಯ ಒಂದಕ್ಷರ ಬಾಯಿ ಬಿಡಲಿಲ್ಲ. ಕೊನೆಗೆ ಆ ಹೆಂಗಸು, ನಾನು ಅಲ್ಲಿಗೆ ಬರಬೇಕಾ, ಅವಳಷ್ಟಕ್ಕೆ ಬಿಡಬೇಕಾ ಅಂತ ಕೇಳಿದರಂತೆ. ಅದು ಕಾನೂನಿನ ಪ್ರಶ್ನೆ ಅಲ್ಲಮ್ಮಾ ಅಂದೆ, ಅಂದರು ಮೇಡಂ. ಮೈಕ್ ರೂಮಿನಲ್ಲಿ ನನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದಾಳೆ. ಇಷ್ಟು ದಿನವೂ ನಿನ್ನ ಕಾಲು ಬ್ರೇಕಿನ ಮೇಲೇ ಇತ್ತು, ನೀನು ಒತ್ತಲಿಲ್ಲ. ಮೆಟ್ಟಿಲಿನ ಸುಳ್ಳಿಗೆ ಸಾರಿ, ಅಮ್ಮಾ. ಇದೊಂದು ಸಾರಿ.