ಕೋಚ್ ಹೆಂಡತಿಯ ಓಟು

ಭಾನುವಾರ, ಪಂದ್ಯವಿಲ್ಲದ ಸಂಜೆ

ಊರಿಗೆಲ್ಲ ಕೋಚ್ ಆಗಿರುವ, ಮನೆಗೆ ಮಾತ್ರ ಆಗಾಗ ಬಂದುಹೋಗುವ ನಮ್ಮ ಯಜಮಾನರಿಗೆ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರಿ ಎಂದು ನಂಬುವಷ್ಟು ದಡ್ಡಿಯಲ್ಲ. ಮತ್ತೆ ಸೋತ ಸುದ್ದಿಯನ್ನು ರೇಡಿಯೊದವನು ಹಾಲಿನವನಿಗಿಂತ ಮೊದಲೇ ತಂದುಕೊಟ್ಟ.

ದೇಶಕ್ಕೆಲ್ಲ ಒಂದು ದೊಡ್ಡ ಫುಟ್‌ಬಾಲ್ ಲೀಗ್ ಬೇಕು ಎಂದು ನೀವೆಲ್ಲ ಹೋರಾಡಿದಿರಿ. ಬಂತು. ಇದು ಅದರ ಎರಡನೇ ವರ್ಷ. ಲೀಗಿಗೆ ನಿಯಮಾವಳಿ ಇದೆ, ಲಾಂಛನ ಇದೆ, ಹಾಡೂ ಇದೆಯಂತೆ. ನಮ್ಮ ಕ್ಲಬ್ಬಿಗೆ ಹಾಸ್ಟೆಲ್ ಒಂದು ಇಲ್ಲ. ಆದ್ದರಿಂದ ಆಟಗಾರರು ನಮ್ಮ ಮನೆಯಲ್ಲಿದ್ದಾರೆ. ನೀವು ಉಳಿದವರನ್ನು ಕಟ್ಟಿಕೊಂಡು ಹೊರಊರಿನ ಪಂದ್ಯಗಳಿಗೆ ರೈಲು ಹತ್ತಿದ ಮೇಲೆ, ಮಂಡಿ ನೋವಿನ ಗೋಲ್‌ಕೀಪರ್ ಸೋಫಾದ ಮೇಲೆ ಉಳಿದುಕೊಂಡ. ಅವನನ್ನು ನೀವು ‘ಗೋಡೆ’ ಎಂದು ಕರೆಯುವುದು ಸರಿಯೇ. ಅವನು ಅಡ್ಡ ಮಲಗಿದರೆ ಕಸ ಗುಡಿಸಲು ದಾರಿಯಿಲ್ಲ. ಬಚ್ಚಲಿನ ಹಗ್ಗದ ತುಂಬ ಸಾಕ್ಸ್ ನೇತಾಡುತ್ತಿವೆ, ಒಂದಕ್ಕೂ ಜೋಡಿಯಿಲ್ಲ.

ಈ ಗೋಡೆಗೆ ಕಿವಿಗಿಂತ ಬಾಯಿ ದೊಡ್ಡದು. ಮೊನ್ನೆ ಬಟಾಣಿ ಸುಲಿಯುತ್ತ, ಅಕ್ಕಾ, ಬಿದ್ದ ಮೇಲೆ ಸರ್ ಡಾಕ್ಟರ ಹತ್ತಿರ ಹೋದರಾ ಎಂದು ಕೇಳಿದ. ಎಲ್ಲಿ ಬಿದ್ದರು ಎಂದೆ. ಪಾಪ, ಗಾಬರಿಗೆ ಕಾಳನ್ನು ಕಸದ ಬುಟ್ಟಿಗೆಸೆದು ಸಿಪ್ಪೆಯನ್ನು ಪಾತ್ರೆಗೆ ಹಾಕತೊಡಗಿದ. ನೀವು ಹೊರಡುವ ಮುಂಚಿನ ಪಂದ್ಯದಲ್ಲಿ ಮೈದಾನದ ಗೆರೆಯ ಪಕ್ಕದಲ್ಲೇ ಕುಸಿದಿರಂತೆ. ಬೆಂಚಿನ ಮೇಲೆ ಮಲಗಿಸಿದರೆ ಅಲ್ಲಿಂದಲೇ ಕೈ ಎತ್ತಿ, ಆಟ ನಿಲ್ಲಿಸಬೇಡಿ, ಮನೆಯಲ್ಲಿ ಹೇಳಬೇಡಿ ಎಂದಿರಂತೆ. ಶರ್ಟಿಗೆ ಮಣ್ಣಾದದ್ದು ಹುಡುಗರ ಸಂಭ್ರಮದಲ್ಲಿ ಎಂದು ನನಗೆ ಹೇಳಿದಿರಿ. ಸೋತ ಪಂದ್ಯದಲ್ಲಿ ಎಂಥ ಸಂಭ್ರಮ ಎಂದು ಆಗಲೇ ಕೇಳಬೇಕಿತ್ತು. ಒಗೆದ ಸುಸ್ತಿನಲ್ಲಿ ಕೇಳಲಿಲ್ಲ.

ಇನ್ನು ಮುಖ್ಯ ವಿಷಯ. ಇವತ್ತು ಬೆಳಿಗ್ಗೆ ಕ್ಲಬ್ಬಿನ ಅಧ್ಯಕ್ಷರು ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತು, ಸಕ್ಕರೆ ಹಾಕದ ಚಹಾವನ್ನು ಬಹಳ ಹೊತ್ತು ಕಲಕಿದರು. ಮುಂದಿನ ವರ್ಷಕ್ಕೂ ನಿಮ್ಮನ್ನೇ ಕೋಚ್ ಆಗಿ ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಸಮಿತಿಯಲ್ಲಿ ಓಟು ಹಾಕಿದರಂತೆ. ಅರ್ಧ ಜನ ಬೇಕು, ಅರ್ಧ ಜನ ಬೇಡ. ಸಮ ಬಂದಾಗ ಅಧ್ಯಕ್ಷರ ಓಟೇ ಕೊನೆಯದು ಎಂಬ ನಿಯಮವಿದೆ. ಅಧ್ಯಕ್ಷರಿಗೆ ಧೈರ್ಯವಿರಬೇಕು ಎಂಬ ನಿಯಮ ಇನ್ನೂ ಬಂದಿಲ್ಲ. ಎರಡನೇ ವರ್ಷ ತಾನೆ! ಹಾಗಾಗಿ, ಅಮ್ಮಾ, ಅವರನ್ನು ಬಲ್ಲವರು ನೀವು, ಇನ್ನೊಂದು ವರ್ಷ ಅವರ ಕೈಲಾಗುತ್ತದಾ, ನೀವು ಏನಂದರೆ ಅದೇ ನನ್ನ ಓಟು ಎಂದುಬಿಟ್ಟರು.

ಮದುವೆಯಾದಾಗಿನಿಂದ ನೀವು ಊಟಕ್ಕೆ ಯಾವಾಗ ಬರಬೇಕೆಂಬುದನ್ನೂ ತೀರ್ಮಾನಿಸಲಾಗದವಳಿಗೆ ಒಮ್ಮೆಲೇ ರಾಷ್ಟ್ರಮಟ್ಟದ ಅಧಿಕಾರ! ನಿಮ್ಮನ್ನು ಕೇಳಿ ಹೇಳುತ್ತೇನೆ ಎಂದು ಅವರನ್ನು ಕಳಿಸಿದೆ.

ಈ ಲೀಗನ್ನು ನೀವು ಕೂಸಿನ ಹಾಗೆ ಎತ್ತಿ ಆಡಿಸಿದ್ದು ನನಗೆ ಗೊತ್ತು. ಅದನ್ನು ಬೇರೆಯವರ ಕೈಗೆ ಕೊಟ್ಟರೆ ನೀವು ಹೇಗಾಗುತ್ತೀರಿ ಎಂಬುದೂ ಗೊತ್ತು. ನನಗೆ ಸಾಕಾಗಿದೆ, ಅಷ್ಟೇ.

ಉಳಿದ ಪಂದ್ಯಕ್ಕೆ ಟೋಪಿ ಹಾಕಿಕೊಂಡು ನಿಲ್ಲಿ. ರೆಫರಿಯ ಮೇಲೆ ಕೂಗಾಡಬೇಡಿ. ಅವನಿಗೂ ಮನೆಯಲ್ಲಿ ಯಾರೋ ಕಾಯುತ್ತಿರುತ್ತಾರೆ.

ಇಂತಿ,
ಇಷ್ಟು ವರ್ಷ ಬೆಂಚಿನ ಮೇಲೇ ಕೂತಿರುವ
ನಿಮ್ಮ ಹೆಂಡತಿ

ತಾ.ಕ.: ನಿಮ್ಮನ್ನು ಕೇಳಿ ಹೇಳುತ್ತೇನೆ ಎಂದೆ ಅಂತ ಮೇಲೆ ಬರೆದದ್ದು ಸುಳ್ಳು. ಅಧ್ಯಕ್ಷರ ಬಟ್ಟಲು ಖಾಲಿಯಾಗುವ ಮೊದಲೇ ಹೇಳಿಬಿಟ್ಟೆ. ಬೇಡ, ಅವರನ್ನು ಬಿಟ್ಟುಬಿಡಿ ಎಂದೆ. ಸೋಫಾದ ಮೇಲಿದ್ದ ಗೋಡೆ ಆ ಕಡೆ ತಿರುಗಿಕೊಂಡ. ಸಂಜೆಯಾದರೂ ನನ್ನೊಡನೆ ಮಾತಾಡಿಲ್ಲ. ನೀವು ಹಾಗೆ ಮಾತು ಬಿಡಬೇಡಿ. ಬೈಯುವುದಿದ್ದರೆ ಮನೆಗೆ ಬಂದು, ಕೂತುಕೊಂಡು, ನಿಧಾನವಾಗಿ ಬೈಯಿರಿ.