ನೇತ್ರಾ ಎದ್ದು ನಿಂತ ಭಾನುವಾರ

ನಾಚಾರಂ, ಹೈದರಾಬಾದ್
೧೯ ನವೆಂಬರ್ ೨೦೨೪

ಪ್ರೀತಿಯ ತಂಗಿ ಅನ್ನಮ್ಮನಿಗೆ,

ಕರ್ತನ ಕೃಪೆಯಿಂದ ನಾವು ಕ್ಷೇಮ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಕ್ಷಮಿಸು. ಮಂಡಿನೋವಿನ ನೆಪ ಹೇಳಬಹುದಿತ್ತು. ಆದರೆ ಬರೆಯುವ ಕೈಗೆ ಮಂಡಿಯ ಹಂಗೇನಿದೆ?

ಬೀದರಿನ ಬೋರ್ಡಿಂಗಿನ ಕಲ್ಯಾಣಪ್ಪ ನೆನಪಿದ್ದಾನಲ್ಲ? ವಾರ್ಡನ್ ಹಾಲಿಗೆ ನೀರು ಬೆರೆಸುತ್ತಿದ್ದುದನ್ನು ಸಂಜೆಯ ಪ್ರಾರ್ಥನೆಯಲ್ಲೇ, ಕಣ್ಣು ಮುಚ್ಚಿಕೊಂಡು, "ಸ್ವಾಮಿ, ನಮ್ಮ ಹಾಲಿನಾಗಿನ ನೀರು ನಿನಗೂ ಕಾಣ್ತೈತಲ್ಲ" ಎಂದು ಗಟ್ಟಿಯಾಗಿ ಹೇಳಿದವನು. ಎರಡು ಹೊತ್ತು ಅವನಿಗೆ ಊಟ ತಪ್ಪಿತು. ನೀನು ಲಂಗದಲ್ಲಿ ರೊಟ್ಟಿ ಮುಚ್ಚಿಕೊಂಡು ಹೋಗಿ ಕೊಟ್ಟೆ. "ಇಂಥಾ ಒಬ್ಬ ಇದ್ರ ಸಾಕು, ಸಭಾ ಉಳಿತೈತಿ" ಎಂದರು ಅಪ್ಪ. ನನಗೆ ಆಗ ಹೊಟ್ಟೆಕಿಚ್ಚಾಗಿತ್ತು.

ಈಗ ಅವನು ಇಲ್ಲಿ ದೊಡ್ಡ ರಾಜಕೀಯ ಮುಖಂಡ. ಹೋದ ತಿಂಗಳು ಜೀಡಿಮೆಟ್ಲಾದ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು, ಯಾದಗಿರಿ ಕಡೆಯ ಮೂವರು ಕೆಲಸಗಾರರು ಸತ್ತರು. "ಕುಡಿದು ಕೆಲಸಕ್ಕೆ ಹೋಗಿದ್ದರು" ಎಂದು ಟಿ.ವಿ.ಯವರೆದುರು ಹೇಳಿದವನು ಇದೇ ಕಲ್ಯಾಣಪ್ಪ. ಮಾಲೀಕರು ಅವನಿಗೆ ಬೇಕಾದವರು.

ಅದಾದ ಎರಡು ವಾರಕ್ಕೆ ನಮ್ಮ ಕನ್ನಡ ಕ್ರೈಸ್ತ ಸಭೆಯ ಸುಗ್ಗಿ ಹಬ್ಬ. ಅವನೇ ಅತಿಥಿ. ಶಾಲು ಹೊದಿಸಿದೆವು. ಬಡವರ ನ್ಯಾಯದ ಬಗ್ಗೆ ಬೈಬಲಿನಲ್ಲಿ ಪ್ರವಾದಿ ಹೇಳಿದ ಭಾಗವನ್ನು ಓದತೊಡಗಿದ. ಅದೇ ಹಳೆಯ ಸಿಹಿ ಕಂಠ. ನನಗೆ ಬೋರ್ಡಿಂಗಿನ ಅಂಗಳ, ಅಲ್ಲಿನ ಬೇವಿನ ನೆರಳು ಎಲ್ಲ ಕಣ್ಣಿಗೆ ಬಂತು. ಆಗ ಹಾಡುಗಾರರ ಸಾಲಿನಿಂದ ನಮ್ಮ ಮಗಳು ನೇತ್ರಾ ಎದ್ದಳು. ಆ ಮೂವರನ್ನು ತಂದದ್ದು ಅವಳು ನರ್ಸ್ ಆಗಿರುವ ಆಸ್ಪತ್ರೆಗೇ; ಅವರಲ್ಲೊಬ್ಬನ ಹೆಸರು ಹುಲಗೇಶ.

"ಕಲ್ಯಾಣಪ್ಪ ಮಾಮಾ, ಓದಬ್ಯಾಡ್ರಿ" ಎಂದಳು. "ಹುಲಗೇಶನ ಬಾಯಾಗ ನೀರು ಬಿಟ್ಟಾಕಿ ನಾನು. ದಾರೂ ವಾಸನಿ ಇದ್ದಿಲ್ಲ. 'ಬಾಯ್ಲರ್ ಕೆಟ್ಟೈತಿ ಅಂತ ಎಂಟು ದಿನದಿಂದ ಹೇಳಾಕತ್ತಿದ್ವಿ' ಅಂದು ಜೀವ ಬಿಟ್ಟ. ಅವನ್ನ ಕುಡುಕ ಅಂದ ಬಾಯಿಲೆ ಈ ವಾಕ್ಯ ಓದಬ್ಯಾಡ್ರಿ."

"ಬೇಟಿ, ಇದು ದೇವರ ಮನಿ. ರಾಜಕೀಯ ಹೊರಗ" ಎಂದ ಕಲ್ಯಾಣಪ್ಪ.

"ಹೊರಗ ನೀವು ಅಂದದ್ದನ್ನ ಒಳಗ ಕೇಳಾಕತ್ತೀನ್ರಿ."

ನಾನು ಅವಳ ಸೆರಗು ಜಗ್ಗಿ "ಕೂಡು" ಎಂದೆ. ಕೂಡಲಿಲ್ಲ. ಪಾಸ್ಟರು ಅವಸರದಿಂದ ಹಾಡು ಎತ್ತಿದರು, ಯಾರೂ ದನಿಗೂಡಿಸಲಿಲ್ಲ. ನೇತ್ರಾ ಕರೆತಂದಿದ್ದ ಹುಲಗೇಶನ ಹೆಂಡತಿ ಗದಿಗೆಮ್ಮ ಹಿಂದಿನ ಸಾಲಿನಲ್ಲಿ ಎದ್ದು ನಿಂತಳು. ಅವಳನ್ನು ನೋಡಿದ ಕಲ್ಯಾಣಪ್ಪ ಬೈಬಲ್ ಮುಚ್ಚಿ, ಪಕ್ಕದ ಬಾಗಿಲಿನಿಂದ ಹೊರಟುಹೋದ.

ಆಮೇಲೆ ನೇತ್ರಾ ವಿಚಾರಣಾಧಿಕಾರಿಗಳ ಮುಂದೆಯೂ ಅದನ್ನೇ ಹೇಳಿ ಬಂದಳು. ಶವಪರೀಕ್ಷೆಯಲ್ಲೂ ಮದ್ಯದ ಸುಳಿವಿಲ್ಲವಂತೆ. ಕಲ್ಯಾಣಪ್ಪ ಮಾತ್ರ ತನ್ನ ಮಾತು ಹಿಂತೆಗೆದುಕೊಂಡಿಲ್ಲ. ಸಭೆಯ ಕಮಿಟಿ ನೋಟೀಸು ಕೊಟ್ಟದ್ದು ನೇತ್ರಾಗೆ: ಕ್ಷಮೆ ಕೇಳುವ ತನಕ ಹಾಡುಗಾರರ ಸಾಲಿಗೆ ಬರಕೂಡದು. ಅವಳು ಕೇಳಲಿಲ್ಲ. ಈಗ ಹಿಂದೆ, ಗದಿಗೆಮ್ಮನ ಪಕ್ಕ ಕೂಡುತ್ತಾಳೆ.

ಕ್ರಿಸ್ಮಸ್ಸಿಗೆ ತಪ್ಪದೆ ಬಾ. ಕರ್ತನು ನಿನ್ನ ಮನೆಯ ಒಳಗೂ ಹೊರಗೂ ಕಾವಲಿರಲಿ.

ನಿನ್ನ ಅಣ್ಣ,
ಸೂರ್ಯಕಾಂತ

ಮತ್ತೊಂದು ಮಾತು: ಈ ವರ್ಷ ಸಭೆಯ ಕಾರ್ಯದರ್ಶಿ ನಾನು. ಆ ನೋಟೀಸು ಬರೆದು ಸಹಿ ಹಾಕಿದವನು ನಾನೇ ಅನ್ನಮ್ಮಾ. ನೇತ್ರಾ ಓದಿ ಮಡಚಿಟ್ಟಳು. "ಅಪ್ಪಾ, ಅಕ್ಷರ ಭಾಳ ಛಂದ ಬರದೀರಿ" ಎಂದಳು, ಅಷ್ಟೆ. ಈಗಲೂ ಹೊತ್ತಿಗೆ ಸರಿಯಾಗಿ ಚಹಾ ಕೊಡುತ್ತಾಳೆ, ಗುಳಿಗೆ ಕೊಡುತ್ತಾಳೆ. ಆವತ್ತಿನಿಂದ ಅಪ್ಪಾ ಅನ್ನುವುದಿಲ್ಲ.